ಓದು ಮುಗಿಸಿ ಎಷ್ಟೋ ವರ್ಷದ ಮೇಲೆ ಕಾಲೇಜಿನಿಂದ ‘ನಿಮ್ಮ ಮಾಹಿತಿ ಸೋರಿದೆ’ ಅಂತ ಮೇಲ್. ಈಗ ಏನು ಮಾಡೋದು?

ಹಳೇಬೆಂಚು:
ಓದು ಮುಗಿಸಿದ ಮೇಲೆ ಆ ಕಾಲೇಜಿನ ಕಡೆ ತಲೆ ಹಾಕಿಲ್ಲ. ಈ ವಾರ ಅಲ್ಲಿಂದ ಒಂದು ಮೇಲ್ ಬಂದಿದೆ. ‘ನಿಮ್ಮ ಖಾಸಗಿತನ ನಮಗೆ ಅತ್ಯಂತ ಮುಖ್ಯ’ ಅಂತ ಶುರು. ವಿಷಯ ಇರುವುದು ಮೂರನೇ ಪ್ಯಾರಾದಲ್ಲಿ. ಯಾರೋ ಅವರ ಸಿಸ್ಟಂ ಒಳಗೆ ನುಗ್ಗಿದ್ದರಂತೆ, ಕೆಲವು ಫೈಲುಗಳನ್ನು ‘ನೋಡಿರಬಹುದು ಅಥವಾ ಪಡೆದಿರಬಹುದು’ ಅಂತೆ. ಹೆಸರು, ಹುಟ್ಟಿದ ದಿನ, ವಿಳಾಸ, ಗುರುತಿನ ಸಂಖ್ಯೆ, ‘ಕೆಲವರ ವಿಷಯದಲ್ಲಿ’ ಬ್ಯಾಂಕ್ ವಿವರ. ನಾನು ಆ ಕೆಲವರಲ್ಲಿ ಒಬ್ಬನೋ ಅಲ್ಲವೋ, ಅದು ಮಾತ್ರ ಎಲ್ಲೂ ಇಲ್ಲ. ಕೊನೆಗೆ ‘ದಯವಿಟ್ಟು ಎಚ್ಚರದಿಂದಿರಿ’.

ಇನ್ನೊಂದು ತಮಾಷೆ ಕೇಳಿ. ನನ್ನ ತಂಗಿಗೂ ಅದೇ ಮೇಲ್ ಬಂದಿದೆ. ಅವಳು ಅಲ್ಲಿಗೆ ಅರ್ಜಿ ಹಾಕಿದ್ದಳು ಅಷ್ಟೇ, ಸೇರಿದ್ದು ಬೇರೆ ಕಡೆ.

ನನ್ನ ಪ್ರಶ್ನೆ ಎರಡು. ಇಷ್ಟು ವರ್ಷ ಇದನ್ನೆಲ್ಲ ಯಾಕೆ ಇಟ್ಟುಕೊಂಡಿದ್ದರು? ಈಗ ನಾನು ನಿಜವಾಗಿ ಏನು ಮಾಡಬೇಕು? ‘ಪಾಸ್‌ವರ್ಡ್ ಬದಲಾಯಿಸಿ’ ಅನ್ನಬೇಡಿ. ಆ ಪೋರ್ಟಲ್‌ನಲ್ಲಿ ನನ್ನ ಲಾಗಿನ್ ಯಾವತ್ತೋ ಸತ್ತಿದೆ.

ಅನುಮಾನಪ್ಪ:
ಮೊದಲು ಆ ಮೇಲ್ ಅಸಲಿಯೋ ನಕಲಿಯೋ ನೋಡಿ. ಅದರೊಳಗಿನ ಲಿಂಕ್ ಒತ್ತಬೇಡಿ.

ಹಳೇಬೆಂಚು:
ನೋಡಿದೆ. ಕಾಲೇಜಿನ ವೆಬ್‌ಸೈಟಿನಲ್ಲೂ ನೋಟಿಸ್ ಇದೆ. ಮುಖಪುಟದಲ್ಲಿ ಪದವಿ ಪ್ರದಾನ ಸಮಾರಂಭದ ಫೋಟೋ, ನೋಟಿಸ್ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ.

ಬೇಸರಿಗ:
ಎಲ್ಲರ ಮಾಹಿತಿಯೂ ಎಲ್ಲ ಕಡೆ ಸೋರಿ ಆಗಿದೆ. ಸುಮ್ನೆ ಇರಿ.

ಸರ್ವರ್‌ರೂಮ್:
ಮೊದಲ ಪ್ರಶ್ನೆಗೆ ನಾನು ಹೇಳಬಲ್ಲೆ, ಒಂದು ವಿಶ್ವವಿದ್ಯಾಲಯದ ಐಟಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಯಾಕೆ ಇಟ್ಟುಕೊಂಡಿದ್ದರು ಅಂದರೆ, ಅಳಿಸಿ ಅಂತ ಯಾರೂ ಯಾರಿಗೂ ಹೇಳಿರುವುದಿಲ್ಲ. ಅಷ್ಟೇ. ಇಡಬೇಕು ಅಂತ ಯಾರೂ ತೀರ್ಮಾನ ಮಾಡಿರುವುದಿಲ್ಲ, ತೆಗೆಯುವ ಧೈರ್ಯವೂ ಯಾರಿಗೂ ಇರುವುದಿಲ್ಲ.

ಒಬ್ಬ ವಿದ್ಯಾರ್ಥಿಯ ಮಾಹಿತಿ ಎಲ್ಲೆಲ್ಲಿ ಇರುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ. ಪ್ರವೇಶ ವಿಭಾಗದ ಅರ್ಜಿ ತಂತ್ರಾಂಶ, ಮುಖ್ಯ ದಾಖಲಾತಿ ಡೇಟಾಬೇಸ್, ಶುಲ್ಕದ ಲೆಕ್ಕ, ಹಾಸ್ಟೆಲ್, ಗ್ರಂಥಾಲಯ, ವಿದ್ಯಾರ್ಥಿವೇತನ, ಪರೀಕ್ಷೆ, ಉದ್ಯೋಗ ಮೇಳದ ಸೈಟ್, ಹಳೆ ವಿದ್ಯಾರ್ಥಿಗಳ ಸಂಘ. ಇವು ನಮ್ಮ ಕಣ್ಣಿಗೆ ಕಾಣುವವು. ಕಾಣದೇ ಇರುವವು ಇನ್ನೂ ಜಾಸ್ತಿ. ಯಾವುದೋ ವಿಭಾಗದ ಗುಮಾಸ್ತರು ವರದಿ ತಯಾರಿಸಲು ಇಳಿಸಿಕೊಂಡ ಎಕ್ಸೆಲ್ ಹಾಳೆ. ಅದರ ಹೆಸರು ‘ಫೈನಲ್’, ಪಕ್ಕದಲ್ಲೇ ‘ಫೈನಲ್ ಹೊಸದು’, ಅದರ ಪಕ್ಕ ‘ಫೈನಲ್ ಹೊಸದು ಸರಿಪಡಿಸಿದ್ದು’. ಮೂರರಲ್ಲೂ ಇಡೀ ಬ್ಯಾಚಿನ ಹುಟ್ಟಿದ ದಿನ, ಫೋನ್ ನಂಬರ್, ಬ್ಯಾಂಕ್ ಖಾತೆ. ಅವರು ವರ್ಗವಾಗಿ ಹೋಗಿರುತ್ತಾರೆ, ಫೈಲು ಹಂಚಿಕೆಯ ಫೋಲ್ಡರಿನಲ್ಲಿ ಹಾಗೇ ಕೂತಿರುತ್ತದೆ.

ಕಂಪನಿಗಳಲ್ಲಿ ಎಲ್ಲ ಸರ್ವರ್ ಒಬ್ಬರ ಕೈಕೆಳಗೆ ಇರುತ್ತದೆ. ನಮ್ಮಲ್ಲಿ ಪ್ರತಿ ವಿಭಾಗವೂ ಒಂದೊಂದು ಸಂಸ್ಥಾನ. ಯಾರ ಮೇಜಿನ ಕೆಳಗೆ ಯಾವ ಸರ್ವರ್ ಓಡುತ್ತಿದೆ ಅಂತ ನಮಗೇ ಗೊತ್ತಾಗುವುದು ಅದು ಕೆಟ್ಟಾಗ. ಪ್ರತಿ ವರ್ಷ ಸಾವಿರಾರು ಹೊಸ ಖಾತೆ ತೆರೆಯಬೇಕು, ಅಷ್ಟೇ ಮುಚ್ಚಬೇಕು. ತೆರೆಯುವುದು ಆ ದಿನವೇ ಆಗಬೇಕು, ಇಲ್ಲದಿದ್ದರೆ ಗಲಾಟೆ. ಮುಚ್ಚದಿದ್ದರೆ ಯಾರೂ ಕೇಳುವುದಿಲ್ಲ.

ದಾಖಲೆಕೋಣೆ:
ಸ್ವಲ್ಪ ನಿಲ್ಲಿ. ನಾನು ಕುಲಸಚಿವರ ಕಚೇರಿಯಲ್ಲಿ ಇದ್ದವಳು. ‘ಯಾಕೆ ಇಟ್ಟುಕೊಂಡಿದ್ದರು’ ಅಂತ ಕೇಳುವವರೇ ನಾಳೆ ಬಂದು ‘ನನ್ನ ಅಂಕಪಟ್ಟಿ ಕಳೆದಿದೆ, ವಿದೇಶದ ಕೆಲಸಕ್ಕೆ ದೃಢೀಕರಣ ಬೇಕು’ ಅಂತ ನಿಲ್ಲುತ್ತಾರೆ. ಮೂವತ್ತು ವರ್ಷದ ಹಿಂದೆ ಓದಿದವರೂ ಬರುತ್ತಾರೆ. ದಾಖಲೆ ಇಲ್ಲ ಅಂದರೆ ಅವರ ಪದವಿಯೇ ಇಲ್ಲದ ಹಾಗೆ. ಅಂಕದ ದಾಖಲೆ ಶಾಶ್ವತವಾಗಿ ಇರಲೇಬೇಕು.

ಹಳೇಬೆಂಚು:
ಅಂಕ ಇಟ್ಟುಕೊಳ್ಳಿ ಮೇಡಂ, ಬೇಡ ಅಂದವರು ಯಾರು? ಅಂಕಪಟ್ಟಿಗೆ ನನ್ನ ಬ್ಯಾಂಕ್ ಖಾತೆ ಯಾಕೆ? ಅಪ್ಪನ ಆದಾಯ ಯಾಕೆ?

ದಾಖಲೆಕೋಣೆ:
ಅದು ಬೇರೆ ಮಾತು. ಆ ಭಾಗಕ್ಕೆ ನನ್ನ ತಕರಾರಿಲ್ಲ. ಹೆಸರು, ನೋಂದಣಿ ಸಂಖ್ಯೆ, ವಿಷಯ, ಅಂಕ, ಪದವಿ ಸಿಕ್ಕ ವರ್ಷ ಇಷ್ಟು ಸಾಕು. ಆದಾಯ ಪತ್ರ, ವಿಳಾಸದ ಸ್ಕ್ಯಾನ್ ಪ್ರತಿ, ಖಾತೆ ಸಂಖ್ಯೆ ಇವೆಲ್ಲ ಕೆಲಸ ಮುಗಿದ ಮೇಲೆ ಹೋಗಬೇಕಾದವು. ಆದರೆ ಎರಡೂ ಒಂದೇ ತಂತ್ರಾಂಶದಲ್ಲಿ, ಒಂದೇ ಪುಟದಲ್ಲಿ ಇರುತ್ತವೆ. ಒಂದನ್ನು ತೆಗೆದು ಒಂದನ್ನು ಬಿಡುವ ಬಟನ್ ಆ ತಂತ್ರಾಂಶ ಮಾಡಿದವರು ಕೊಟ್ಟಿರುವುದಿಲ್ಲ. ಮೇಲಿನಿಂದ ಲಿಖಿತ ಆದೇಶ ಇಲ್ಲದೆ ನಾವು ಕೈ ಹಾಕಿದರೆ, ನಾಳೆ ಲೆಕ್ಕ ತಪಾಸಣೆಯಲ್ಲಿ ನಮ್ಮ ಕುತ್ತಿಗೆಗೆ ಬರುತ್ತದೆ.

ಗಣಕಮೇಷ್ಟ್ರು:
ಹಳೆಯ ಸರಕು ಹೇಗೆ ಕಾಡುತ್ತದೆ ಅನ್ನುವುದಕ್ಕೆ ಬ್ರಿಟನ್ನಿನ ಗ್ರೀನಿಚ್ ವಿಶ್ವವಿದ್ಯಾಲಯದ ಪ್ರಕರಣವನ್ನು ನಾನು ತರಗತಿಯಲ್ಲಿ ಹೇಳುತ್ತಿರುತ್ತೇನೆ. 2004ರಲ್ಲಿ ಒಂದು ತರಬೇತಿ ಸಮ್ಮೇಳನಕ್ಕೆ ಅಂತ ಒಬ್ಬ ಅಧ್ಯಾಪಕ, ಒಬ್ಬ ವಿದ್ಯಾರ್ಥಿ ಸೇರಿ ಪುಟ್ಟ ವೆಬ್‌ಸೈಟ್ ಮಾಡಿದರು. ಸಮ್ಮೇಳನ ಮುಗಿಯಿತು. ಸೈಟನ್ನು ಯಾರೂ ಮುಚ್ಚಲಿಲ್ಲ. 2013ರಲ್ಲಿ ಒಮ್ಮೆ ಯಾರೋ ಅದರೊಳಗೆ ನುಗ್ಗಿದರು. 2016ರಲ್ಲಿ ಮತ್ತೆ ಹಲವರು ನುಗ್ಗಿ, ಅದರ ಮೂಲಕ ಸರ್ವರಿನ ಬೇರೆ ಭಾಗಗಳಿಗೂ ಹೋದರು. ಸುಮಾರು 19,500 ಜನರ ಮಾಹಿತಿ ಹೊರಗೆ ಬಂತು.

ಅದರಲ್ಲಿ ಹೆಸರು, ಫೋನ್ ಅಷ್ಟೇ ಇದ್ದಿದ್ದರೆ ಬೇರೆ ಮಾತು. ಸುಮಾರು 3,500 ಜನರ ವಿಷಯದಲ್ಲಿ ಕಲಿಕೆಯ ತೊಂದರೆ, ಪರೀಕ್ಷೆಗೆ ಬರಲಾಗದಿದ್ದಕ್ಕೆ ಕೊಟ್ಟ ಖಾಸಗಿ ಕಾರಣ, ಸಿಬ್ಬಂದಿಯ ಕಾಯಿಲೆ ರಜೆಯ ವಿವರ ಇವೆಲ್ಲ ಇದ್ದವು. 2018ರಲ್ಲಿ ಅಲ್ಲಿನ ಮಾಹಿತಿ ಆಯುಕ್ತರು 1,20,000 ಪೌಂಡ್ ದಂಡ ಹಾಕಿದರು. ಕೇಂದ್ರ ಐಟಿ ವಿಭಾಗಕ್ಕೆ ಆ ಸೈಟ್ ಇರುವುದೇ ಗೊತ್ತಿರಲಿಲ್ಲ ಅನ್ನುವುದು ಕಾರಣವಾಯಿತೇ ಹೊರತು ನೆಪ ಆಗಲಿಲ್ಲ. ಸರ್ವರ್‌ರೂಮ್ ಅವರು ‘ಸಂಸ್ಥಾನ’ ಅಂದರಲ್ಲ, ಅದೇ.

ಸರ್ವರ್‌ರೂಮ್:
ಸಾರ್, ಈ ಕಥೆ ಓದಿದ ಮೇಲೆ ನಾಳೆ ಬೆಳಗ್ಗೆ ನಮ್ಮ ಹಳೇ ಸಬ್‌ಡೊಮೇನ್‌ಗಳ, ಅಂದರೆ ಮುಖ್ಯ ಸೈಟಿನ ಕೆಳಗಿನ ಮರಿ ಸೈಟುಗಳ ಪಟ್ಟಿ ತೆಗೆಯಬೇಕು ಅನ್ನಿಸುತ್ತಿದೆ.

ಓದುಗಿತ್ತಿ:
ಎಲ್ಲರೂ ಬ್ಯಾಂಕು, ಗುರುತಿನ ಸಂಖ್ಯೆ ಅಂತ ಮಾತಾಡುತ್ತಿದ್ದೀರಿ. ನನಗೆ ಹೆದರಿಕೆ ಆಗುವುದು ಮೇಷ್ಟ್ರು ಹೇಳಿದ ಆ ಎರಡನೇ ಭಾಗ. ಕಾಲೇಜಿನಲ್ಲಿದ್ದಾಗ ನಾನು ಆಪ್ತ ಸಮಾಲೋಚಕರ ಹತ್ತಿರ ಹೋಗುತ್ತಿದ್ದೆ. ಪರೀಕ್ಷೆ ಮುಂದೂಡಲು ಮನೆಯ ಪರಿಸ್ಥಿತಿ ವಿವರಿಸಿ ಪತ್ರ ಬರೆದುಕೊಟ್ಟಿದ್ದೆ. ಆ ಪತ್ರ ಸ್ಕ್ಯಾನ್ ಆಗಿ ಯಾವ ಫೋಲ್ಡರಿನಲ್ಲಿದೆಯೋ ಯಾರಿಗೆ ಗೊತ್ತು. ಬ್ಯಾಂಕ್ ಕಾರ್ಡ್ ಬದಲಾಯಿಸಬಹುದು. ಇದನ್ನು ಹೇಗೆ ಬದಲಾಯಿಸೋದು?

ಬೇಸರಿಗ:
ಇದಕ್ಕೆ ನನ್ನ ಹತ್ತಿರ ವ್ಯಂಗ್ಯದ ಉತ್ತರ ಇಲ್ಲ.

ಕೀಲಿಕೈ:
@ಹಳೇಬೆಂಚು, ಎರಡನೇ ಪ್ರಶ್ನೆಗೆ ಬರುತ್ತೇನೆ. ಭದ್ರತೆಯ ಕೆಲಸದಲ್ಲಿದ್ದೇನೆ, ಇಂಥ ಘಟನೆ ಆದ ಮೇಲೆ ಕರೆಯುವವರಲ್ಲಿ ಒಬ್ಬ.

ಮೊದಲು ನಿಮ್ಮ ಯಾವ ಮಾಹಿತಿ ಹೋಗಿದೆ ಅಂತ ಲಿಖಿತವಾಗಿ ಕೇಳಿ. ‘ಕೆಲವರ’ ಅನ್ನುವ ಪದ ವಕೀಲರದ್ದು. ಯಾವ ಸಾಲಿನಲ್ಲಿ ಯಾರ ಹೆಸರಿತ್ತು ಅಂತ ಬಹುತೇಕ ಸಲ ಅವರಿಗೆ ಗೊತ್ತಿರುತ್ತದೆ, ಕೇಳಿದವರಿಗೆ ಹೇಳುತ್ತಾರೆ.

ಬ್ಯಾಂಕ್ ಖಾತೆ ಇನ್ನೂ ಚಾಲ್ತಿಯಲ್ಲಿದ್ದರೆ ಬ್ಯಾಂಕಿಗೆ ತಿಳಿಸಿ, ಪ್ರತಿ ವಹಿವಾಟಿಗೂ ಎಚ್ಚರಿಕೆ ಸಂದೇಶ ಬರುವಂತೆ ಮಾಡಿಸಿ. ನಿಮ್ಮ ದೇಶದಲ್ಲಿ ಸಾಲದ ವರದಿಗೆ (ಸಾಲ ಕೊಡುವ ಮೊದಲು ಬ್ಯಾಂಕು ನೋಡುವ ನಿಮ್ಮ ಸಾಲದ ಇತಿಹಾಸ) ಬೀಗ ಹಾಕಿಸುವ ಸೌಲಭ್ಯ ಇದ್ದರೆ ಹಾಕಿಸಿ. ಅಮೆರಿಕದಲ್ಲಿ 2018ರಿಂದ ಅದು ಉಚಿತ. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಸಾಲ ತೆಗೆಯುವುದನ್ನು ಅದು ತಡೆಯುತ್ತದೆ. ಕಾಲೇಜು ‘ಒಂದು ವರ್ಷ ಉಚಿತ ನಿಗಾ’ ಕೊಡುತ್ತದಲ್ಲ, ಅದು ಸಾಲ ತೆಗೆದ ಮೇಲೆ ಸುದ್ದಿ ಕೊಡುತ್ತದೆ. ಬೇಡ ಅನ್ನಬೇಕಿಲ್ಲ, ಆದರೆ ಎರಡೂ ಒಂದೇ ಅಲ್ಲ.

ಪಾಸ್‌ವರ್ಡ್ ವಿಷಯ ಬೇಡ ಅಂದಿರಿ, ಆದರೂ ಒಂದು ಮಾತು. ಆ ಹಳೇ ಪೋರ್ಟಲಿನ ಪಾಸ್‌ವರ್ಡನ್ನೇ ಬೇರೆ ಎಲ್ಲಾದರೂ ಇಟ್ಟಿದ್ದರೆ ಅಲ್ಲಿ ಬದಲಾಯಿಸಿ. ಲಾಗಿನ್ ಸತ್ತಿರಬಹುದು, ಡೇಟಾಬೇಸಿನಲ್ಲಿ ಆ ಸಾಲು ಸತ್ತಿರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಮುಂದೆ ಬರುವ ಫೋನ್ ಕರೆ. ನಿಮ್ಮ ಹೆಸರು, ಕೋರ್ಸ್, ಸೇರಿದ ವರ್ಷ, ಅಪ್ಪನ ಹೆಸರು ಎಲ್ಲ ಸರಿಯಾಗಿ ಹೇಳುವ ವ್ಯಕ್ತಿಯನ್ನು ಯಾರು ಬೇಕಾದರೂ ನಂಬುತ್ತಾರೆ.

ರಾತ್ರಿಪಾಳಿ:
ಕೊನೆಯ ಮಾತಿಗೆ ನಾನೇ ಸಾಕ್ಷಿ. ‘ನಿಮ್ಮ ಠೇವಣಿ ಹಣ ಕಾಲೇಜಿನಲ್ಲೇ ಉಳಿದಿದೆ, ಮರಳಿಸುತ್ತಿದ್ದೇವೆ’ ಅಂತ ಒಬ್ಬಳು ಫೋನ್ ಮಾಡಿದಳು. ನೋಂದಣಿ ಸಂಖ್ಯೆ ಅವಳೇ ಹೇಳಿದಳು. ನನಗೇ ಮರೆತಿತ್ತು, ಹಳೇ ಐಡಿ ಕಾರ್ಡ್ ತೆಗೆದು ನೋಡಿದೆ, ಸರಿಯಾಗಿತ್ತು! ಹಾಸ್ಟೆಲ್ ಬ್ಲಾಕ್ ಕೂಡ ಸರಿ. ‘ನಿಮ್ಮ ಫೋನಿಗೆ ಒಂದು ಒಟಿಪಿ ಬರುತ್ತದೆ, ಹೇಳಿ’ ಅಂದಾಗ ಇಟ್ಟೆ. ಮಾತು ಎಷ್ಟು ನಯ ಅಂದರೆ, ನಮ್ಮ ಕಾಲೇಜಿನ ಕಚೇರಿಯಲ್ಲಿ ಯಾರೂ ಅಷ್ಟು ನಯವಾಗಿ ಮಾತಾಡಿದ್ದೇ ಇಲ್ಲ. ಅನುಮಾನ ಬಂದಿದ್ದೇ ಅದಕ್ಕೆ.

ಅನುಮಾನಪ್ಪ:
ಹ್ಹಹ್ಹಹ್ಹಾ. ಭದ್ರತಾ ತರಬೇತಿಯಲ್ಲಿ ಇದನ್ನು ಸೇರಿಸಬೇಕು.

ದಾಖಲೆಕೋಣೆ:
ಈ ಮಾತು ನನಗೆ ತಾಗಿತು, ಆದರೆ ಅಲ್ಲಗಳೆಯಲಾರೆ.

ಬೇಸರಿಗ:
ಸರಿ, ಆದರೆ ಎಲ್ಲರೂ ಕಾಲೇಜನ್ನೇ ಬೈಯುತ್ತಿದ್ದೀರಿ. ಈಗ ಎಷ್ಟೋ ಸಲ ಸೋರುವುದು ಕಾಲೇಜಿನಿಂದ ಅಲ್ಲ, ಕಾಲೇಜು ನಂಬಿದ ಕಂಪನಿಯಿಂದ.

ಸರ್ವರ್‌ರೂಮ್:
ನಿಜ. 2023ರ ಮೂವ್‌ಇಟ್ ಘಟನೆ ನೆನಪಿದೆಯಾ? ಮೂವ್‌ಇಟ್ ಒಂದು ತಂತ್ರಾಂಶ, ದೊಡ್ಡ ಫೈಲುಗಳನ್ನು ‘ಸುರಕ್ಷಿತವಾಗಿ’ ಕಳಿಸುವುದೇ ಅದರ ಕೆಲಸ. ಮೇ ಕೊನೆಯಲ್ಲಿ ಕ್ಲಾಪ್ ಅನ್ನುವ ಸುಲಿಗೆ ಗುಂಪು ಅದರಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಎಸ್‌ಕ್ಯೂಎಲ್ ಇಂಜೆಕ್ಷನ್ ತೂತು (ಡೇಟಾಬೇಸಿಗೆ ಕಳ್ಳ ಆದೇಶ ತೂರಿಸುವ ದಾರಿ) ಹಿಡಿದು ಸಾಲಾಗಿ ಸಂಸ್ಥೆಗಳನ್ನು ದೋಚಿತು. ಅಮೆರಿಕದಲ್ಲಿ ಕಾಲೇಜುಗಳ ಪರವಾಗಿ ದಾಖಲಾತಿ, ಪದವಿ ದೃಢೀಕರಣ ಮಾಡಿಕೊಡುವ ನ್ಯಾಷನಲ್ ಸ್ಟೂಡೆಂಟ್ ಕ್ಲಿಯರಿಂಗ್‌ಹೌಸ್ ಕೂಡ ಅದನ್ನೇ ಬಳಸುತ್ತಿತ್ತು. ಒಂದೇ ಏಟಿಗೆ ಸುಮಾರು 900 ಕಾಲೇಜುಗಳ ವಿದ್ಯಾರ್ಥಿಗಳ ಮಾಹಿತಿ ಹೋಯಿತು. ಆ ಕಾಲೇಜುಗಳ ಐಟಿಯವರು ತಮ್ಮ ಸರ್ವರುಗಳನ್ನು ಎಷ್ಟೇ ಚೆನ್ನಾಗಿ ಇಟ್ಟಿದ್ದರೂ ಏನೂ ಪ್ರಯೋಜನ ಇರಲಿಲ್ಲ.

ಕೀಲಿಕೈ:
ಅದಕ್ಕೂ ಮುಂಚೆ 2020ರ ಬ್ಲ್ಯಾಕ್‌ಬಾಡ್. ವಿಶ್ವವಿದ್ಯಾಲಯಗಳ ದಾನಿಗಳ, ಹಳೆ ವಿದ್ಯಾರ್ಥಿಗಳ ಪಟ್ಟಿ ನೋಡಿಕೊಳ್ಳುವ ಕಂಪನಿ. ಡೇಟಾ ಕಳುವಾಗಿದ್ದು ಮೇ ತಿಂಗಳಲ್ಲಿ ಅವರಿಗೆ ಗೊತ್ತಾಯಿತು, ಗ್ರಾಹಕರಿಗೆ ಹೇಳಿದ್ದು ಜುಲೈನಲ್ಲಿ. ಬ್ಯಾಂಕ್ ಖಾತೆ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ (ಅಮೆರಿಕದ ಸರ್ಕಾರಿ ಗುರುತಿನ ಸಂಖ್ಯೆ) ಹೋಗಿಲ್ಲ ಅಂತ ಮೊದಲು ಹೇಳಿದರು, ಆಮೇಲೆ ನೋಡಿದರೆ ಕೆಲವರದ್ದು ಹೋಗಿತ್ತು. ದಾರಿ ತಪ್ಪಿಸುವ ಮಾಹಿತಿ ಕೊಟ್ಟಿದ್ದಕ್ಕೆ 2023ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರು 30 ಲಕ್ಷ ಡಾಲರ್ ದಂಡ ಹಾಕಿದರು. ಆಮೇಲೆ ರಾಜ್ಯಗಳ ಜೊತೆ 4.95 ಕೋಟಿ ಡಾಲರಿನ ರಾಜಿ.

ಈ ಎಳೆಗೆ ಹೊಂದುವ ವಿಷಯ ಇನ್ನೊಂದಿದೆ. 2024ರಲ್ಲಿ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ ಬ್ಲ್ಯಾಕ್‌ಬಾಡ್ ಮೇಲೆ ಹೊರಿಸಿದ ಆರೋಪಗಳಲ್ಲಿ ಒಂದು, ಬೇಡವಾದ ಮಾಹಿತಿಯನ್ನು ವರ್ಷಗಟ್ಟಲೆ ಇಟ್ಟುಕೊಂಡಿದ್ದು. ಬಿಟ್ಟುಹೋದ ಗ್ರಾಹಕರದ್ದೂ ಇತ್ತು, ಗ್ರಾಹಕರೇ ಆಗದವರದ್ದೂ ಇತ್ತು. ಹಳೇಬೆಂಚು ಅವರ ತಂಗಿಯ ಕಥೆಯೇ, ಅಲ್ವಾ?

ಅನುಮಾನಪ್ಪ:
ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಗಣಕಮೇಷ್ಟ್ರು:
ಒಂದು ತಿದ್ದುಪಡಿ. ಕಂಪನಿಯ ತಪ್ಪು ಅಂದುಬಿಟ್ಟರೆ ಕಾಲೇಜು ಪಾರಾಗುವುದಿಲ್ಲ. ನಾನು ಅರ್ಜಿ ತುಂಬಿದ್ದು ಕಾಲೇಜಿಗೆ. ಕಾಲೇಜು ಅದನ್ನು ಯಾರಿಗೆ ಕೊಟ್ಟಿತು ಅಂತ ನನ್ನನ್ನು ಕೇಳಿಲ್ಲ. ಕಂಪನಿಗೆ ಯಾವ ಕಲಂಗಳನ್ನು ಕಳಿಸಬೇಕು ಅಂತ ನಿರ್ಧರಿಸುವವರು ಕಾಲೇಜಿನವರೇ. ದಾನ ಕೇಳುವ ತಂತ್ರಾಂಶಕ್ಕೆ ಹುಟ್ಟಿದ ದಿನ ಯಾಕೆ ಬೇಕು?

ಸರ್ವರ್‌ರೂಮ್:
ಹುಟ್ಟುಹಬ್ಬದ ಶುಭಾಶಯ ಕಳಿಸಿ ದಾನ ಕೇಳುವುದಕ್ಕೆ ಸಾರ್. ನಾನು ತಮಾಷೆ ಮಾಡುತ್ತಿಲ್ಲ.

ಗಣಕಮೇಷ್ಟ್ರು:
ಶುಭಾಶಯಕ್ಕೆ ದಿನ, ತಿಂಗಳು ಸಾಕಲ್ಲ! ಇಸವಿ ಯಾಕೆ?

ರಾತ್ರಿಪಾಳಿ:
ಕೇಳಿದ ಹಣ ಕೊಟ್ಟರೆ ಕಳ್ಳರು ಕದ್ದ ಡೇಟಾ ಅಳಿಸಿಬಿಡುತ್ತಾರಂತೆ, ಅದು ನಿಜವಾ?

ಕೀಲಿಕೈ:
ಪವರ್‌ಸ್ಕೂಲ್ ಘಟನೆ ನೋಡಿ. ಅದು ಶಾಲೆಗಳ ತಂತ್ರಾಂಶ, ಆದರೆ ಪಾಠ ಒಂದೇ. 2024ರ ಡಿಸೆಂಬರಿನಲ್ಲಿ ಕದ್ದ ಒಂದು ಲಾಗಿನ್ ಹಿಡಿದು ಗ್ರಾಹಕ ಸೇವೆಯ ಪೋರ್ಟಲ್ ಮೂಲಕ ಒಳಗೆ ಬಂದರು. ಆ ಲಾಗಿನ್‌ಗೆ ಎರಡನೇ ಹಂತದ ಪರಿಶೀಲನೆ ಇರಲಿಲ್ಲ. ಕಂಪನಿ ಹಣ ಕೊಟ್ಟಿತು, ಕಳ್ಳರು ಡೇಟಾ ಅಳಿಸುವ ವಿಡಿಯೊ ತೋರಿಸಿದರು. 2025ರ ಮೇನಲ್ಲಿ ಅದೇ ಡೇಟಾ ಹಿಡಿದು ಶಾಲೆಗಳಿಗೆ ಮತ್ತೆ ಬೆದರಿಕೆ ಬಂತು. ವಿಡಿಯೊದಲ್ಲಿ ಅಳಿಸಿದ್ದು ಒಂದು ಪ್ರತಿ ಮಾತ್ರ. ಇದರಲ್ಲಿ ತಪ್ಪೊಪ್ಪಿಕೊಂಡು ನಾಲ್ಕು ವರ್ಷ ಜೈಲು ಶಿಕ್ಷೆ ಪಡೆದವನು ಹತ್ತೊಂಬತ್ತರ ಕಾಲೇಜು ವಿದ್ಯಾರ್ಥಿ.

ಓದುಗಿತ್ತಿ:
ವಿದ್ಯಾರ್ಥಿ!

ಬೇಸರಿಗ:
ಪ್ರಾಯೋಗಿಕ ಪರೀಕ್ಷೆಯಲ್ಲಿ ಪಾಸ್.

ಗಣಕಮೇಷ್ಟ್ರು:
ಹಣದ ವಿಷಯದಲ್ಲಿ ಒಂದು ವಿಚಿತ್ರ ಪ್ರಸಂಗ ಇದೆ, ವಿಷಯಾಂತರ ಆದರೂ ಹೇಳುತ್ತೇನೆ. ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಸಿಸ್ಟಂಗಳಿಗೆ 2019ರ ಕ್ರಿಸ್ಮಸ್ ಹೊತ್ತಿಗೆ ಸುಲಿಗೆಯ ಕಳ್ಳರು ಬೀಗ ಹಾಕಿದರು. ಅಕ್ಟೋಬರಿನಲ್ಲಿ ಯಾರೋ ತೆರೆದ ಮೋಸದ ಮೇಲ್ ಕಾರಣ. ಕಳ್ಳರು ಎರಡು ತಿಂಗಳು ಒಳಗೇ ಓಡಾಡಿಕೊಂಡಿದ್ದರು. ಕೆಲವು ಬ್ಯಾಕಪ್‌ಗಳೂ ಅದೇ ನೆಟ್‌ವರ್ಕಿನಲ್ಲಿ ಇದ್ದವು, ಅವೂ ಹೋದವು. 30 ಬಿಟ್‌ಕಾಯಿನ್, ಅಂದರೆ ಆಗ ಸುಮಾರು ಎರಡು ಲಕ್ಷ ಯೂರೋ ಕೊಟ್ಟು ಬಿಡಿಸಿಕೊಂಡರು. ಆಮೇಲೆ ಪೊಲೀಸರಿಗೆ ಆ ಹಣದ ಒಂದು ಪಾಲು ಸಿಕ್ಕಿತು. 2022ರಲ್ಲಿ ವಾಪಸ್ ಸಿಗುವ ಹೊತ್ತಿಗೆ ಬಿಟ್‌ಕಾಯಿನ್ ಬೆಲೆ ಏರಿ ಆ ಪಾಲೇ ಸುಮಾರು ಐದು ಲಕ್ಷ ಯೂರೋ ಆಗಿತ್ತು. ಕಷ್ಟದಲ್ಲಿರುವ ವಿದ್ಯಾರ್ಥಿಗಳ ನಿಧಿಗೆ ಹಾಕುತ್ತೇವೆ ಅಂದರು.

ಅನುಮಾನಪ್ಪ:
ಸುಲಿಗೆಯಲ್ಲೂ ಲಾಭ. ಇದನ್ನು ನಮ್ಮ ಆಡಳಿತ ಮಂಡಳಿಗೆ ಯಾರೂ ಹೇಳಬೇಡಿ.

ಸರ್ವರ್‌ರೂಮ್:
ಎಲ್ಲರಿಗೂ ಆ ಅದೃಷ್ಟ ಇಲ್ಲ. ಇಲಿನಾಯ್‌ನ ಲಿಂಕನ್ ಕಾಲೇಜು 1865ರದ್ದು. 1918ರ ಸಾಂಕ್ರಾಮಿಕ ದಾಟಿತು, ಎರಡು ಮಹಾಯುದ್ಧ ದಾಟಿತು. ಕೋವಿಡ್‌ನಿಂದ ಬಸವಳಿದಿತ್ತು, 2021ರ ಡಿಸೆಂಬರಿನ ಸೈಬರ್ ದಾಳಿಯಲ್ಲಿ ಪ್ರವೇಶದ ಡೇಟಾ ಕೈಗೆ ಸಿಗದಂತಾಯಿತು. ಮಾರ್ಚಿನಲ್ಲಿ ಸಿಸ್ಟಂ ಸರಿಯಾದಾಗ ನೋಡಿದರೆ ಸೇರುವವರ ಸಂಖ್ಯೆ ತೀರಾ ಕಡಿಮೆ. 2022ರ ಮೇನಲ್ಲಿ ಬಾಗಿಲು ಹಾಕಿತು. ದಾಳಿಯೊಂದೇ ಕಾರಣ ಅಲ್ಲ, ಆದರೆ ಕೊನೆಯ ಏಟು ಅದೇ.

ನಿರ್ವಾಹಕ:
ಸುಲಿಗೆ ಹಣದ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ವಿದ್ಯಾರ್ಥಿಗಳ ಮಾಹಿತಿಗೆ ಬನ್ನಿ.

ಎರಡನೇಸೆಮ್:
ನಾನು ಈಗ ಓದುತ್ತಿರುವವನು, ಒಂದು ಕೇಳಬೇಕಿತ್ತು. ನಮ್ಮ ಫಲಿತಾಂಶದ ಪುಟ ತೆರೆದಾಗ ವಿಳಾಸದ ಕೊನೆಯಲ್ಲಿ ನನ್ನ ನೋಂದಣಿ ಸಂಖ್ಯೆ ಬರುತ್ತದೆ. ಕೊನೆಯ ಅಂಕಿ ಬದಲಾಯಿಸಿದರೆ ಪಕ್ಕದವನ ಅಂಕಪಟ್ಟಿ ಬರುತ್ತಿದೆ, ಫೋಟೋ, ತಾಯಿಯ ಹೆಸರು, ಮೊಬೈಲ್ ನಂಬರ್ ಸಮೇತ. ಲಾಗ್‌ಔಟ್ ಆದ ಮೇಲೂ ಬರುತ್ತಿದೆ. ಎಷ್ಟು ಜನರದ್ದು ಹೀಗೆ ಕಾಣುತ್ತೆ ಅಂತ ತಾನಾಗೇ ಒಂದೊಂದೇ ಪುಟ ತೆರೆಯುವ ಒಂದು ಸ್ಕ್ರಿಪ್ಟ್ ಬರೆದು ನೋಡೋಣ ಅಂತಿದ್ದೇನೆ.

ಕೀಲಿಕೈ:
ಬೇಡ. ಸ್ಕ್ರಿಪ್ಟ್ ಬರೆಯಬೇಡ. ಇಲ್ಲಿಗೇ ನಿಲ್ಲಿಸು.

ಸರ್ವರ್‌ರೂಮ್:
ದಯವಿಟ್ಟು ಬೇಡ ತಮ್ಮಾ. ಯಾರು ಏನು ತೆರೆದರು ಅಂತ ಸರ್ವರ್ ಬರೆದಿಡುವ ದಾಖಲೆಯಲ್ಲಿ ನೀನು ಕಳ್ಳನ ಹಾಗೆಯೇ ಕಾಣುತ್ತೀಯ.

ಎರಡನೇಸೆಮ್:
ಆದರೆ ತೂತು ಅವರದ್ದಲ್ವಾ? ನಾನು ಪಾಸ್‌ವರ್ಡ್ ಏನೂ ಮುರಿದಿಲ್ಲ.

ಕೀಲಿಕೈ:
ತೂತು ಅವರದ್ದೇ. ಲಾಗಿನ್ ಆದವನು ಯಾರು ಅಂತ ಕೇಳುತ್ತಾರೆ, ಈ ಪುಟ ನೋಡುವ ಹಕ್ಕು ಅವನಿಗೆ ಇದೆಯಾ ಅಂತ ಕೇಳುವುದಿಲ್ಲ. ನಿನ್ನ ವಿಷಯದಲ್ಲಿ ಮೊದಲನೆಯದನ್ನೂ ಕೇಳುತ್ತಿಲ್ಲ. ಸೋರಿಕೆಗಳಲ್ಲಿ ತೀರಾ ಹಳೆಯ, ತೀರಾ ಸಾಮಾನ್ಯ ಬಗೆ ಇದು. ಆದರೆ ನೀನು ಸಾವಿರ ಜನರ ಪುಟ ಇಳಿಸಿಕೊಂಡ ಕ್ಷಣ ಅವರಿಗೆ ಬೈಯಲು ಒಬ್ಬ ಸಿಕ್ಕಿದ. ಬಹಳ ದೇಶಗಳ ಕಾನೂನಿನಲ್ಲಿ ‘ಅನುಮತಿ ಇಲ್ಲದೆ ನೋಡಿದ’ ಅನ್ನುವುದೇ ಸಾಕು.

ಹೀಗೆ ಮಾಡು. ನಿನ್ನ ಗೆಳೆಯನ ಒಪ್ಪಿಗೆ ತೆಗೆದುಕೊಂಡು ಅವನ ಸಂಖ್ಯೆಯಲ್ಲಿ ಒಮ್ಮೆ ತೋರಿಸುವ ಸ್ಕ್ರೀನ್‌ಶಾಟ್ ತೆಗೆ, ವಿವರ ಮಸುಕು ಮಾಡು. ಯಾವ ದಿನ, ಯಾವ ಪುಟ, ಏನು ಮಾಡಿದರೆ ಕಾಣುತ್ತದೆ ಅಷ್ಟು ಬರೆ. ಸೈಟಿನಲ್ಲಿ ಸೆಕ್ಯುರಿಟಿ ಡಾಟ್ ಟಿಎಕ್ಸ್‌ಟಿ ಅಂತ ಒಂದು ಫೈಲ್ ಇದೆಯಾ ನೋಡು. ತೂತು ಕಂಡವರು ಯಾರಿಗೆ ಬರೆಯಬೇಕು ಅಂತ ಹೇಳಲೆಂದೇ ಅದು ಇರುವುದು. ಇಲ್ಲದಿದ್ದರೆ ಐಟಿ ಮುಖ್ಯಸ್ಥರಿಗೆ ಬರೆ, ನೀನು ನಂಬುವ ಒಬ್ಬ ಅಧ್ಯಾಪಕರಿಗೆ ಪ್ರತಿ ಕಳಿಸು. ಗುಂಪುಗಳಲ್ಲಿ ಹಾಕಬೇಡ, ಸರಿ ಮಾಡುವ ತನಕ.

ರಾತ್ರಿಪಾಳಿ:
ಸರಿ ಮಾಡದೇ ಇದ್ದರೆ? ನಮ್ಮ ಕಾಲದಲ್ಲಿ ಹೀಗೇ ಹೇಳಿದ ಹುಡುಗನನ್ನು ಕರೆದು ‘ಯಾಕೆ ನೋಡಿದೆ’ ಅಂತ ಕ್ಷಮಾಪಣೆ ಪತ್ರ ಬರೆಸಿಕೊಂಡರು. ತೂತು ಹಾಗೇ ಇತ್ತು.

ಗಣಕಮೇಷ್ಟ್ರು:
ಅದಕ್ಕೇ ಅಧ್ಯಾಪಕರಿಗೆ ಪ್ರತಿ. ಪತ್ರದಲ್ಲಿ ಹುಡುಗನ ಹೆಸರಿಲ್ಲದೆ ನಾನೇ ಕಳಿಸಿದ ಪ್ರಸಂಗಗಳಿವೆ. ಮೇಷ್ಟ್ರಿಂದ ಬಂದರೆ ‘ದೋಷ ವರದಿ’, ವಿದ್ಯಾರ್ಥಿಯಿಂದ ಬಂದರೆ ‘ಅಶಿಸ್ತು’. ಹಾಗಿದೆ ಲೋಕ.

ಬೇಸರಿಗ:
ಅದಿರಲಿ, ನೋಂದಣಿ ಸಂಖ್ಯೆಯೇ ಬಳಕೆದಾರರ ಹೆಸರು, ಹುಟ್ಟಿದ ದಿನವೇ ಪಾಸ್‌ವರ್ಡ್, ಈ ಪದ್ಧತಿ ಇನ್ನೂ ಎಲ್ಲೆಲ್ಲಿ ಇದೆ? ಕೈ ಎತ್ತಿ.

ಎರಡನೇಸೆಮ್:
🙋

ಓದುಗಿತ್ತಿ:
🙋 ಇತ್ತು, ನಾನು ಬಿಡುವವರೆಗೂ.

ಸರ್ವರ್‌ರೂಮ್:
ಮೌನ.

ಗಣಕಮೇಷ್ಟ್ರು:
ನಗಬೇಡಿ, ಅಮೆರಿಕದಲ್ಲಿ 2000ದ ದಶಕದ ಮೊದಲ ಭಾಗದವರೆಗೂ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೇ ವಿದ್ಯಾರ್ಥಿಯ ಗುರುತಿನ ಸಂಖ್ಯೆ ಆಗಿತ್ತು. ಐಡಿ ಕಾರ್ಡಿನ ಮೇಲೆ ಅಚ್ಚು ಹಾಕುತ್ತಿದ್ದರು, ಅಂಕಗಳ ಪಟ್ಟಿಯನ್ನು ಅದರ ಅಂಕಿಗಳ ಜೊತೆ ಗೋಡೆಗೆ ಅಂಟಿಸುತ್ತಿದ್ದರು. ಆಮೇಲೆ ಪದ್ಧತಿ ಬದಲಾಯಿತು, ಹಳೆ ಡೇಟಾಬೇಸ್ ಬದಲಾಗಲಿಲ್ಲ. 2014ರ ಫೆಬ್ರವರಿಯಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಸುಮಾರು ಮೂರು ಲಕ್ಷ ಜನರ ದಾಖಲೆ ಹೋದಾಗ, ಅದರಲ್ಲಿ 1998ರಿಂದ ಐಡಿ ಪಡೆದವರೆಲ್ಲ ಇದ್ದರು. 2025ರ ಕೊಲಂಬಿಯಾ ಪ್ರಕರಣದಲ್ಲೂ ಹಾಗೆಯೇ, 8 ಲಕ್ಷ 60 ಸಾವಿರಕ್ಕೂ ಹೆಚ್ಚು ಜನ, ಅರ್ಜಿ ಹಾಕಿದವರೂ ಸೇರಿ.

ಹಳೇಬೆಂಚು:
ಮತ್ತೆ ಅರ್ಜಿ ಹಾಕಿದವರು! ತಂಗಿಗೆ ಓದಿ ಹೇಳಿದೆ. ‘ಸೀಟು ಕೊಡಲು ಅಷ್ಟು ಯೋಚಿಸಿದವರು ಮಾಹಿತಿ ಇಟ್ಟುಕೊಳ್ಳಲು ಯೋಚಿಸಲೇ ಇಲ್ಲ’ ಅಂದಳು.

ಕಾನೂನು ಏನು ಹೇಳುತ್ತದೆ? ಅಳಿಸಿ ಅಂತ ಕೇಳಬಹುದಾ?

ಕೀಲಿಕೈ:
ಯಾವ ದೇಶದ ಕಾಲೇಜು ಅನ್ನುವುದರ ಮೇಲೆ. ಯುರೋಪಿನ ಮಾಹಿತಿ ರಕ್ಷಣೆ ಕಾನೂನು ಜಿಡಿಪಿಆರ್ ಪ್ರಕಾರ ಸೋರಿಕೆ ಗೊತ್ತಾದ 72 ಗಂಟೆಯೊಳಗೆ ನಿಯಂತ್ರಕರಿಗೆ ತಿಳಿಸಬೇಕು, ಜನರಿಗೆ ದೊಡ್ಡ ಅಪಾಯ ಇದ್ದರೆ ಅವರಿಗೂ ತಡಮಾಡದೆ ಹೇಳಬೇಕು. ಅಳಿಸಿ ಅಂತ ಕೇಳುವ ಹಕ್ಕೂ ಇದೆ, ಕಾನೂನು ಪ್ರಕಾರ ಇಡಲೇಬೇಕಾದ್ದನ್ನು ಬಿಟ್ಟು. ಅಮೆರಿಕದ ವಿದ್ಯಾರ್ಥಿ ದಾಖಲೆಗಳ ಕಾನೂನು ಫೆರ್ಪಾ 1974ರದ್ದು, ಸೋರಿದರೆ ವಿದ್ಯಾರ್ಥಿಗೆ ತಿಳಿಸಬೇಕು ಅಂತ ಅದರಲ್ಲಿ ಇಲ್ಲ. ತಿಳಿಸುವ ಕಟ್ಟುಪಾಡು ಬರುವುದು ರಾಜ್ಯಗಳ ಕಾನೂನಿಂದ. ಭಾರತದ 2023ರ ಕಾನೂನಿನಲ್ಲೂ ಅಳಿಸಲು ಕೇಳುವ ಅವಕಾಶ ಇದೆ, ರಕ್ಷಣೆಯಲ್ಲಿ ಎಡವಿದರೆ ದಂಡ 250 ಕೋಟಿ ರೂಪಾಯಿವರೆಗೆ.

ಸರ್ವರ್‌ರೂಮ್:
ಅಳಿಸುವುದರ ಕಷ್ಟವನ್ನೂ ಹೇಳಬೇಕು. ಮುಖ್ಯ ಡೇಟಾಬೇಸಿನಿಂದ ತೆಗೆದರೂ ಬ್ಯಾಕಪ್‌ನಲ್ಲಿ ಇರುತ್ತದೆ. ಬ್ಯಾಕಪ್‌ನಿಂದ ಒಬ್ಬರ ಸಾಲು ಕಿತ್ತು ತೆಗೆಯಲು ಆಗುವುದಿಲ್ಲ, ಆ ಬ್ಯಾಕಪ್‌ನ ಅವಧಿ ಮುಗಿದು ಅದು ಹೋಗುವವರೆಗೆ ಕಾಯಬೇಕು. ಹಾಗಾಗಿ ‘ಅಳಿಸಿದ್ದೀರಾ’ ಜೊತೆ ‘ಬ್ಯಾಕಪ್ ಎಷ್ಟು ದಿನ ಇಡುತ್ತೀರಿ’ ಅಂತಲೂ ಕೇಳಿ. ಉತ್ತರ ಬರದಿದ್ದರೆ, ಆ ಕಾಲೇಜಿನಲ್ಲಿ ಅದಕ್ಕೆ ನಿಯಮವೇ ಇಲ್ಲ ಅಂತ ತಿಳಿಯಿರಿ.

ಅನುಮಾನಪ್ಪ:
ಇಷ್ಟೆಲ್ಲ ಆದ ಮೇಲೆ ಕಾಲೇಜುಗಳು ಬಾಯಿ ಬಿಡುವುದೇ ಇಲ್ಲ. ಅದು ನನ್ನ ಸಿಟ್ಟು. ಏನಾಯಿತು ಅಂತ ಒಬ್ಬರೂ ಪೂರ್ತಿ ಹೇಳುವುದಿಲ್ಲ.

ಗಣಕಮೇಷ್ಟ್ರು:
ಒಬ್ಬರು ಹೇಳಿದ್ದಾರೆ. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿ. 2018ರ ನವೆಂಬರಿನಲ್ಲಿ ಒಬ್ಬ ಹಿರಿಯ ಸಿಬ್ಬಂದಿಗೆ ಒಂದು ಮೇಲ್ ಬಂತು. ಆ ಮೇಲನ್ನು ಇಣುಕಿ ನೋಡಿದ್ದಷ್ಟೇ, ಲಿಂಕ್ ಒತ್ತಲೂ ಇಲ್ಲ, ಫೈಲ್ ತೆರೆಯಲೂ ಇಲ್ಲ. ಅಷ್ಟಕ್ಕೇ ಲಾಗಿನ್ ವಿವರ ಕಳುವಾಯಿತು. ಕಳ್ಳರು ಒಳಗೆ ಬಂದು, ಹಳೆಯದೊಂದು ಮೇಲ್ ಸರ್ವರನ್ನೂ ಬಳಸಿಕೊಂಡು, ಡೇಟಾ ಹೊರಗೆ ಸಾಗಿಸಿದರು. ಗೊತ್ತಾಗಿದ್ದು 2019ರಲ್ಲಿ. 19 ವರ್ಷದ ದಾಖಲೆ ಇರುವ ಸಿಸ್ಟಂಗೆ ಕೈ ಹಾಕಿದ್ದರು. ಮೊದಲು ಎರಡು ಲಕ್ಷ ಜನ ಅಂದರು, ತನಿಖೆಯ ಮೇಲೆ ನಿಜಕ್ಕೂ ಹೋಗಿದ್ದು ಅದಕ್ಕಿಂತ ತುಂಬಾ ಕಡಿಮೆ ಅಂತ ಕಂಡುಬಂತು.

ಆಗ ಕುಲಪತಿಯಾಗಿದ್ದವರು ಬ್ರಯಾನ್ ಶ್ಮಿಟ್, ಭೌತಶಾಸ್ತ್ರದ ನೊಬೆಲ್ ಪಡೆದವರು. ಆ ಅಕ್ಟೋಬರಿನಲ್ಲಿ ಯಾವ ದಿನ ಏನಾಯಿತು, ನಾವು ಎಲ್ಲಿ ಎಡವಿದೆವು ಅಂತ ಪೂರ್ತಿ ವರದಿಯನ್ನು ಸಾರ್ವಜನಿಕರ ಮುಂದೆ ಇಟ್ಟರು. ಬೇರೆ ವಿಶ್ವವಿದ್ಯಾಲಯಗಳ ಐಟಿಯವರು ಇವತ್ತಿಗೂ ಅದನ್ನು ಓದುತ್ತಾರೆ.

ಸರ್ವರ್‌ರೂಮ್:
ಓದುತ್ತೇವೆ. ಓದಿದಾಗಲೆಲ್ಲ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ, ಯಾಕಂದರೆ ಆ ಹಳೇ ಮೇಲ್ ಸರ್ವರ್ ಎಲ್ಲರ ಹತ್ತಿರವೂ ಇದೆ.

ರಾತ್ರಿಪಾಳಿ:
ನಮ್ಮ ಮಾಹಿತಿ ಎಲ್ಲಾದರೂ ಸೋರಿದೆಯಾ ಅಂತ ತಿಳಿಯಲು ಹ್ಯಾವ್ ಐ ಬೀನ್ ಪೋನ್ಡ್ ಅನ್ನುವ ಸೈಟಿನಲ್ಲಿ ಮೇಲ್ ಐಡಿ ಹಾಕಿ ನೋಡಿ ಅಂತಾರಲ್ಲ, ಅಲ್ಲಿ ಹಾಕಿದರೆ ಅದೂ ಸೋರುವುದಿಲ್ವಾ?

ಕೀಲಿಕೈ:
2013ರಿಂದ ನಡೆಯುತ್ತಿರುವ ನಂಬಿಕಸ್ತ ಸೈಟ್. ಧೈರ್ಯವಾಗಿ ಹಾಕಿ. ಆದರೆ ಕಾಲೇಜಿನ ಕಳುವಿನ ಡೇಟಾ ಹಂಚಿಕೆಗೆ ಬಂದಿದ್ದರೆ ಮಾತ್ರ ಅಲ್ಲಿ ಕಾಣುತ್ತದೆ. ಅಲ್ಲಿ ಇಲ್ಲ ಅಂದರೆ ಸೋರಿಲ್ಲ ಅಂತಲ್ಲ.

ಹಳೇಬೆಂಚು:
ಎಲ್ಲರ ಮಾತು ಸೇರಿಸಿ ಪತ್ರ ಬರೆದೆ. ‘ನನ್ನ ಯಾವ ಯಾವ ವಿವರ ಆ ಫೈಲುಗಳಲ್ಲಿತ್ತು? ಬ್ಯಾಂಕ್ ಖಾತೆ ಇತ್ತೋ ಇಲ್ಲವೋ? ಅಂಕದ ದಾಖಲೆ ಬಿಟ್ಟು ಉಳಿದದ್ದನ್ನು ಯಾವ ಕಾರಣಕ್ಕೆ ಇಟ್ಟಿದ್ದಿರಿ? ಯಾವ ಕಂಪನಿಗಳಿಗೆ ಕೊಟ್ಟಿದ್ದೀರಿ? ಬ್ಯಾಕಪ್ ಅವಧಿ ಎಷ್ಟು?’ ಐದೇ ಸಾಲು.

ದಾಖಲೆಕೋಣೆ:
ಚೆನ್ನಾಗಿದೆ. ಐಟಿಯವರಿಗೆ ಮಾತ್ರ ಕಳಿಸಬೇಡಿ, ಕುಲಸಚಿವರ ಹೆಸರಿಗೇ ಕಳಿಸಿ. ಅಲ್ಲಿ ಒಳಬಂದ ಪತ್ರಕ್ಕೆ ಸಂಖ್ಯೆ ಬೀಳುತ್ತದೆ, ಸಂಖ್ಯೆ ಬಿದ್ದ ಪತ್ರಕ್ಕೆ ಯಾರಾದರೂ ಉತ್ತರ ಬರೆಯಲೇಬೇಕು. ತಂಗಿಯದ್ದು ಬೇರೆ ಪತ್ರ ಆಗಲಿ. ಸೇರದವರ ಅರ್ಜಿ ಇಟ್ಟುಕೊಳ್ಳಲು ಅವರ ಹತ್ತಿರ ಯಾವ ಸಬೂಬೂ ಇಲ್ಲ, ಆ ಪತ್ರಕ್ಕೆ ಬೇಗ ಕೆಲಸ ಆಗುತ್ತದೆ.

ಓದುಗಿತ್ತಿ:
ಮೇಡಂ, ಸಮಾಲೋಚನೆಯ ಕಡತಕ್ಕೂ ಹೀಗೇ ಬರೆಯಬಹುದಾ?

ದಾಖಲೆಕೋಣೆ:
ಬರೆಯಬಹುದು, ಆದರೆ ಅದನ್ನು ಸಮಾಲೋಚನಾ ಕೇಂದ್ರದ ಮುಖ್ಯಸ್ಥರಿಗೆ, ಮುಚ್ಚಿದ ಲಕೋಟೆಯಲ್ಲಿ. ಕುಲಸಚಿವರ ಟಪಾಲನ್ನು ಮೂರು ಜನ ಓದುತ್ತಾರೆ. ಪತ್ರದಲ್ಲಿ ಕಾರಣ ಬರೆಯಬೇಡಿ, ‘ನನ್ನ ಕಡತ’ ಅಂದರೆ ಸಾಕು.

ಎರಡನೇಸೆಮ್:
ಕೀಲಿಕೈ ಸಾರ್, ನೀವು ಹೇಳಿದ ಹಾಗೆ ಗೆಳೆಯನ ಒಪ್ಪಿಗೆ ಪಡೆದು, ಎಚ್‌ಒಡಿಗೆ ಪ್ರತಿ ಹಾಕಿ ಮೇಲ್ ಕಳಿಸಿದೆ. ತಾನಾಗೇ ಉತ್ತರ ಬಂತು: ‘ನಿಮ್ಮ ದೂರು ದಾಖಲಾಗಿದೆ. ಸ್ಥಿತಿ ನೋಡಲು ನೋಂದಣಿ ಸಂಖ್ಯೆ, ಹುಟ್ಟಿದ ದಿನ ಹಾಕಿ ಲಾಗಿನ್ ಆಗಿ.’

ಬೇಸರಿಗ:
ದೂರಿನ ಸಂಖ್ಯೆ ವಿಳಾಸದ ಕೊನೆಯಲ್ಲಿ ಕಾಣುತ್ತಾ?

ಎರಡನೇಸೆಮ್:
ಕಾಣುತ್ತೆ.

ಕೀಲಿಕೈ:
ಮುಟ್ಟಬೇಡ.